ನೋಡದೆ ಅಂಕ ಕೊಡಬೇಡಿ: ಸೈಕಾಲಜಿ ಇಂಟರ್ನ್‌ಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು: ಆಸ್ಪತ್ರೆಗೆ ಕ್ಲಿನಿಕಲ್ ಸೈಕಾಲಜಿ ಕಲಿಯಲು ಬರುವ ಇಂಟರ್ನ್‌ಗಳು. ಕಲಿಸುವವರು ಬರೆದಿದ್ದಾರೆ, ಕಲಿಯುವವರು ಬರೆದಿದ್ದಾರೆ, ಮಗನನ್ನು ತೋರಿಸಲು ಹೋದ ತಾಯಿಯೊಬ್ಬರೂ ಬರೆದಿದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ. ಯಾವ ಆಸ್ಪತ್ರೆ, ಯಾವ ಕಾಲೇಜು ಅನ್ನುವುದನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ವಿಜಯಪುರದ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಪ್ರತಿ ವರ್ಷ ಎಂ.ಎ., ಎಂ.ಎಸ್ಸಿ. ಸೈಕಾಲಜಿ ಓದುವವರು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಕೊನೆಗೆ ಕಾಲೇಜಿನಿಂದ ಒಂದು ಫಾರ್ಮ್ ಬರುತ್ತದೆ. ಕೇಸ್ ಹಿಸ್ಟರಿ, ಟೆಸ್ಟ್, ರಿಪೋರ್ಟ್, ನಡತೆ, ಹೀಗೆ ಒಂದಷ್ಟು ಸಾಲು, ಪ್ರತಿ ಸಾಲಿಗೂ 1ರಿಂದ 5ರವರೆಗೆ ಅಂಕ. ಒಪಿಡಿ ರಶ್‌ನಲ್ಲಿ ಎಲ್ಲರಿಗೂ 4 ಹಾಕಿ ಕಳಿಸುತ್ತೇನೆ. ಮನಸ್ಸಿಟ್ಟು ಕೆಲಸ ಮಾಡಿದವರಿಗೂ ಸುಮ್ನೆ ಬಂದು ಹೋದವರಿಗೂ ಒಂದೇ ಅಂಕ ಆಗುತ್ತಿದೆ. ಇದನ್ನು ಸರಿಯಾಗಿ ಮಾಡುವುದು ಹೇಗೆ ಮೇಡಂ?

ಉತ್ತರ: ಎಲ್ಲರಿಗೂ 4 ಹಾಕುವ ಅಭ್ಯಾಸ ನಿಮ್ಮ ಆಸ್ಪತ್ರೆಯಲ್ಲಿ ಮಾತ್ರ ಇಲ್ಲ, ಬಹಳ ಕಡೆ ಇದೆ. ಕಾರಣ ಸೋಮಾರಿತನ ಅಲ್ಲ. ಇಂಟರ್ನ್ ಕೆಲಸ ಮಾಡುವುದನ್ನು ಯಾರೂ ನೋಡಿರುವುದಿಲ್ಲ, ಅಷ್ಟೇ. ಆಕೆ ಒಳಗೆ ರೋಗಿಯ ಜೊತೆ ಕೂತಿರುವಾಗ ನೀವು ಪಕ್ಕದ ಕೋಣೆಯಲ್ಲಿ ಬೇರೆ ರೋಗಿಯನ್ನು ನೋಡುತ್ತಿರುತ್ತೀರಿ. ಆಮೇಲೆ ಆಕೆ ಬಂದು ಕೇಸ್ ಹೇಳುತ್ತಾಳೆ. ಅಲ್ಲಿ ನಿಮಗೆ ಗೊತ್ತಾಗುವುದು ಆಕೆ ಕೇಸ್ ಹೇಳುವ ರೀತಿ, ಕೇಸ್ ತೆಗೆದುಕೊಂಡ ರೀತಿ ಅಲ್ಲ. ಹಾಗಾಗಿ ಚೆನ್ನಾಗಿ ಮಾತಾಡುವವರಿಗೆ ಎಲ್ಲ ಸಾಲಲ್ಲೂ ಹೆಚ್ಚು ಬೀಳುತ್ತದೆ, ಸಂಕೋಚದವರಿಗೆ ಎಲ್ಲದರಲ್ಲೂ ಕಡಿಮೆ. ಇದೇನು ಹೊಸ ಸಂಗತಿ ಅಲ್ಲ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಬರೆದರು. ಒಬ್ಬರ ಒಂದು ಗುಣ ಮೆಚ್ಚಿಗೆಯಾದರೆ ಉಳಿದ ಗುಣಗಳಿಗೂ ನಾವು ಗೊತ್ತಿಲ್ಲದೆ ಅಷ್ಟೇ ಅಂಕ ಕೊಡುತ್ತೇವೆ. ಹೇಲೋ ಎಫೆಕ್ಟ್ ಅಂತ ನಾವೆಲ್ಲ ಪರೀಕ್ಷೆಗೆ ಓದಿದ್ದು ಇದನ್ನೇ.

ಜಾರ್ಜ್ ಮಿಲ್ಲರ್ ಅನ್ನುವವರು 1990ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ಹೇಳಿದರು. ವಿಷಯ ಗೊತ್ತಿರುವುದು ಮೊದಲನೆಯದು. ಹೇಗೆ ಮಾಡಬೇಕು ಅಂತ ಗೊತ್ತಿರುವುದು ಎರಡನೆಯದು. ಎದುರಿಗೆ ಮಾಡಿ ತೋರಿಸುವುದು ಮೂರನೆಯದು. ದಿನದ ಕೆಲಸದಲ್ಲಿ ತಾನಾಗಿ ಮಾಡುವುದು ಕೊನೆಯದು. ವೈವಾ, ಕೇಸ್ ಪ್ರೆಸೆಂಟೇಷನ್, ಲಾಗ್‌ಬುಕ್ ಎಲ್ಲ ಸೇರಿಸಿದರೂ ನಮಗೆ ಗೊತ್ತಾಗುವುದು ಮೊದಲ ಎರಡು ಮಾತ್ರ. ರೋಗಿಗೆ ಬೇಕಾಗಿರುವುದು ಕೊನೆಯ ಎರಡು.

ಆದ್ದರಿಂದ ಮೊದಲು ಕುರ್ಚಿ ಹಾಕಿಕೊಂಡು ಮೂಲೆಯಲ್ಲಿ ಕೂತು ನೋಡಿ. ಪೂರ್ತಿ ಸೆಷನ್ ಬೇಡ, ಪ್ರತಿ ಇಂಟರ್ನ್‌ಗೆ ವಾರಕ್ಕೆ ಹದಿನೈದು ನಿಮಿಷ ಸಾಕು. ರೋಗಿಗೆ ಮೊದಲೇ ಹೇಳಿ ಒಪ್ಪಿಗೆ ಕೇಳಿ. ಕೂತ ಮೇಲೆ ಬಾಯಿ ಹಾಕಬೇಡಿ, ಕಂಡದ್ದನ್ನು ಬರೆದುಕೊಳ್ಳಿ. "ಚೆನ್ನಾಗಿದೆ", "ಸುಧಾರಿಸಬೇಕು" ಅಂತ ಬರೆಯಬೇಡಿ. ಏನು ಮಾಡಿದರು, ಏನು ಅಂದರು, ಅದನ್ನು ಬರೆಯಿರಿ.

ಮಕ್ಕಳ ಬುದ್ಧಿಮಟ್ಟ ನೋಡುವ ಒಂದು ಟೆಸ್ಟ್ ತೆಗೆದುಕೊಳ್ಳೋಣ. ನಮ್ಮ ಕಡೆ ಮಕ್ಕಳ ಒಪಿಡಿಯಲ್ಲಿ ಸೆಗ್ವಿನ್ ಫಾರ್ಮ್ ಬೋರ್ಡ್ ಇಲ್ಲದ ದಿನ ಇಲ್ಲ. ಮರದ ಹಲಗೆ, ಹತ್ತು ಆಕಾರದ ಹತ್ತು ತುಂಡು, ಅವನ್ನು ಮಗು ಅವುಗಳ ಗುಳಿಯಲ್ಲಿ ಬೇಗ ಬೇಗ ಕೂರಿಸಬೇಕು, ಮೂರು ಸಲ, ಎಲ್ಲಕ್ಕಿಂತ ಕಡಿಮೆ ಸಮಯ ಯಾವುದೋ ಅದು ಲೆಕ್ಕಕ್ಕೆ. ಕೇಳಲು ಇಷ್ಟೇ. ಆದರೆ ಇಂಟರ್ನ್ ಇದನ್ನು ಮಾಡಿಸುವಾಗ ಪಕ್ಕದಲ್ಲಿ ಕೂತು ನೋಡಿ, ಎಷ್ಟು ಸಂಗತಿ ಕಾಣುತ್ತದೆ! ಮಗು ಹೆದರಿಕೊಂಡು ಬಂದಿದೆ. ಅದರ ಜೊತೆ ಎರಡು ಮಾತಾಡಿ ಹಗುರ ಮಾಡಿದರಾ, ಅಥವಾ ಬಂದ ಕೂಡಲೇ ಬೋರ್ಡ್ ಇಟ್ಟರಾ? ಬೇಗ ಮಾಡಬೇಕು ಅನ್ನುವುದನ್ನು ಮಗುವಿಗೆ ತಿಳಿಯುವ ಹಾಗೆ ಹೇಳಿದರಾ? ಸ್ಟಾಪ್‌ವಾಚ್ ಯಾವಾಗ ಒತ್ತಿದರು? ಹಿಂದೆ ಕೂತ ತಾಯಿ ತಡೆಯಲಾರದೆ "ಅದಲ್ಲೋ ಯಪ್ಪಾ, ಆ ಕಡೆ ಇಡು" ಅಂತ ಕೈ ಮಾಡಿದಾಗ ಇಂಟರ್ನ್ ಏನು ಮಾಡಿದರು? ಕೆಲವರು ಗದರಿ ತಾಯಿಯ ಮುಖ ಸಣ್ಣದು ಮಾಡುತ್ತಾರೆ. ಕೆಲವರಿಗೆ ಅದು ಕಾಣುವುದೇ ಇಲ್ಲ, ಆ ಸಮಯವನ್ನೇ ಬರೆದುಕೊಂಡು ಬಿಡುತ್ತಾರೆ. ಒಳ್ಳೆಯ ಇಂಟರ್ನ್ ನಗುತ್ತಾ "ಅವ್ವಾರ, ಇದು ಅವನೊಬ್ಬನೇ ಮಾಡುವ ಆಟ, ನೀವು ಸುಮ್ನೆ ನೋಡ್ರಿ" ಅಂದು, ತಾಯಿ ಹೇಳಿಕೊಟ್ಟಿದ್ದನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗುತ್ತಾರೆ. ಈ ಒಂದು ಘಟನೆಯಲ್ಲೇ ಟೆಸ್ಟ್ ಮಾಡುವ ಶಿಸ್ತು, ಮನೆಯವರನ್ನು ನಡೆಸಿಕೊಳ್ಳುವ ರೀತಿ, ಬರೆದಿಡುವ ಪ್ರಾಮಾಣಿಕತೆ ಮೂರೂ ನಿಮಗೆ ಕಂಡಿತು. ವೈವಾದಲ್ಲಿ ಎಷ್ಟು ಪ್ರಶ್ನೆ ಕೇಳಿದರೂ ಇದು ಸಿಗುವುದಿಲ್ಲ.

ಎರಡನೆಯ ಮಾತು. 1, 2, 3 ಅನ್ನುವುದಕ್ಕೆ ಅರ್ಥ ಇಟ್ಟುಕೊಳ್ಳಿ. ಕೇಸ್ ಹಿಸ್ಟರಿಯನ್ನೇ ನೋಡಿ. ಫಾರ್ಮ್‌ನ ಪ್ರಶ್ನೆಗಳನ್ನು ಒಂದಾದ ಮೇಲೆ ಒಂದು ಓದಿ ಉತ್ತರ ತುಂಬಿಕೊಳ್ಳುವವರಿಗೆ 2. ರೋಗಿ ಹೇಳಿದ ಮಾತನ್ನು ಹಿಡಿದು ಮುಂದಿನ ಪ್ರಶ್ನೆ ಕೇಳುವವರಿಗೆ 3. ರೋಗಿಯ ಮಾತಿಗೂ ಮನೆಯವರ ಮಾತಿಗೂ ಹೊಂದಿಕೆ ಆಗದಿದ್ದಾಗ ಅದನ್ನು ಗಮನಿಸಿ, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುವವರಿಗೆ 4. ಹೀಗೆ ನಿಮ್ಮ ವಿಭಾಗದವರೆಲ್ಲ ಒಂದು ಮಧ್ಯಾಹ್ನ ಕೂತು ಬರೆದುಕೊಂಡರೆ ಆಯಿತು. ಅದರ ಒಂದು ಪ್ರತಿಯನ್ನು ಇಂಟರ್ನ್‌ಗಳಿಗೆ ಮೊದಲ ದಿನವೇ ಕೊಡಿ. ತಮ್ಮಿಂದ ಏನು ಬಯಸುತ್ತಿದ್ದಾರೆ ಅಂತ ಗೊತ್ತಿಲ್ಲದೆ ಎಷ್ಟೋ ಹುಡುಗರು ಇಡೀ ಇಂಟರ್ನ್‌ಶಿಪ್ ಫೈಲ್ ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತು ಕಳೆಯುತ್ತಾರೆ.

ರಿಪೋರ್ಟ್ ನೋಡುವಾಗ ಒಂದು ಗಮನಿಸಿ. ಇಂಡಿ, ಸಿಂದಗಿ ಕಡೆಯಿಂದ ಬಂದ ಅಜ್ಜಿ "ಎದಿ ಢವಢವ ಅಂತದ, ಕೂತಲ್ಲಿ ಕೂಡಂಗಿಲ್ಲ" ಅಂದಿದ್ದರೆ ಇಂಟರ್ನ್ ಮೊದಲ ಸಾಲಿನಲ್ಲಿ ಅದನ್ನೇ, ಅಜ್ಜಿಯ ಮಾತಿನಲ್ಲೇ ಬರೆದಿರಬೇಕು. ಆತಂಕ ಅನ್ನುವ ತೀರ್ಮಾನ ಆಮೇಲಿನದು. ಬರೀ ತೀರ್ಮಾನ ಇರುವ ರಿಪೋರ್ಟ್ ಬಂದರೆ ವಾಪಸ್ ಕಳಿಸಿ.

ಟೈಮ್ ಎಲ್ಲಿದೆ ಅಂತ ಕೇಳುತ್ತೀರಿ. ಟೈಮ್ ಇಲ್ಲದಿದ್ದರೆ ಇಂಟರ್ನ್‌ಗಳ ಸಂಖ್ಯೆ ಕಡಿಮೆ ಮಾಡಿ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಮಾನ್ಯತೆ ಪಡೆದ ಡಾಕ್ಟರೇಟ್ ಮಟ್ಟದ ಇಂಟರ್ನ್‌ಶಿಪ್‌ಗಳಲ್ಲಿ ವಾರಕ್ಕೆ ಕನಿಷ್ಠ 4 ಗಂಟೆ ಸೂಪರ್‌ವಿಷನ್ ಕೊಡಬೇಕು, ಅದರಲ್ಲಿ ಕನಿಷ್ಠ 2 ಗಂಟೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅನ್ನುವ ನಿಯಮ ಇದೆ. ನಮ್ಮ ಎಂ.ಎ. ಹುಡುಗರ ಚಿಕ್ಕ ಇಂಟರ್ನ್‌ಶಿಪ್‌ಗೆ ಅಷ್ಟು ಬೇಡ, ಅಷ್ಟು ಸೈಕಾಲಜಿಸ್ಟ್‌ಗಳೂ ನಮ್ಮಲ್ಲಿ ಇಲ್ಲ. ಆದರೆ ವಾರಕ್ಕೆ ಒಂದು ಗಂಟೆಯೂ ಕೊಡಲು ಆಗದಷ್ಟು ಜನರನ್ನು ತುಂಬಿಸಿಕೊಳ್ಳುವುದು ಅವರಿಗೂ ಮೋಸ, ರೋಗಿಗಳಿಗೂ ಮೋಸ.

ಕೊನೆಯ ಫಾರ್ಮ್ ತುಂಬುವ ಮೊದಲು, ಅರ್ಧ ದಾರಿಯಲ್ಲಿ, ಅದೇ ಫಾರ್ಮ್ ಒಂದು ಸಲ ತುಂಬಿ. ಮೊದಲು ಇಂಟರ್ನ್ ತನಗೆ ತಾನೇ ಅಂಕ ಹಾಕಿಕೊಂಡು ಬರಲಿ, ನೀವು ನಿಮ್ಮದನ್ನು ಹಾಕಿ, ಎರಡನ್ನೂ ಪಕ್ಕದಲ್ಲಿಟ್ಟು ಮಾತಾಡಿ. ಎಲ್ಲಿ ವ್ಯತ್ಯಾಸ ಜಾಸ್ತಿ ಇದೆಯೋ ಅಲ್ಲಿಂದ ಶುರು ಮಾಡಿ. ಕೊನೆಯ ದಿನದ ಫಾರ್ಮ್‌ನಲ್ಲಿ ಇಂಟರ್ನ್‌ಗೆ ಹೊಸದಾಗಿ ತಿಳಿಯುವಂಥದ್ದು ಏನೂ ಇರಬಾರದು.

ಪ್ರಶ್ನೆ: ಬಾಗಲಕೋಟೆಯ ಹತ್ತಿರದ ಹಳ್ಳಿಯವಳು ನಾನು. ನನ್ನ ಮಗನಿಗೆ ಒಂಬತ್ತು ವರ್ಷ. ಓದಿನಲ್ಲಿ ಬಹಳ ಹಿಂದೆ. ಅಂಗವಿಕಲರ ಕಾರ್ಡ್ ಮಾಡಿಸಲು ಐಕ್ಯೂ ಟೆಸ್ಟ್ ಬೇಕು ಅಂದರು. ಆಸ್ಪತ್ರೆಯಲ್ಲಿ ಸಣ್ಣ ಹುಡುಗಿಯೊಬ್ಬಳು ಟೆಸ್ಟ್ ಮಾಡಿದಳು. ಆಕೆ ಇನ್ನೂ ಕಲಿಯುತ್ತಿದ್ದಾಳೆ ಅಂತ ಆಮೇಲೆ ಗೊತ್ತಾಯಿತು. ಇದು ಸರಿಯೇನ್ರಿ ಮೇಡಂ? ನನ್ನ ಮಗನ ಭವಿಷ್ಯದ ಪ್ರಶ್ನೆ.

ಉತ್ತರ: ಅಕ್ಕಾ, ನಿಮ್ಮ ಆತಂಕ ನ್ಯಾಯವಾದದ್ದು. ಕಲಿಯುವವರು ಟೆಸ್ಟ್ ಮಾಡುವುದು ತಪ್ಪಲ್ಲ. ಹಿರಿಯರ ಕಣ್ಣೆದುರು ಮಾಡಿಯೇ ಯಾರಾದರೂ ಕಲಿಯಬೇಕು. ತಪ್ಪಾಗಿರುವುದು ಬೇರೆ ಕಡೆ. ಆಕೆ ಕೂತ ಕೂಡಲೇ "ನಾನು ಇಂಟರ್ನ್, ಕಲಿಯುತ್ತಿದ್ದೇನೆ, ನನ್ನ ಮೇಲೆ ಇಂಥ ಮೇಡಂ ಇದ್ದಾರೆ, ನಿಮಗೆ ಒಪ್ಪಿಗೆ ಇದ್ದರೆ ನಾನು ಟೆಸ್ಟ್ ಮಾಡುತ್ತೇನೆ" ಅಂತ ಹೇಳಬೇಕಿತ್ತು. ನೀವು ಬೇಡ ಅಂದಿದ್ದರೆ ಬೇರೆಯವರು ಮಾಡಬೇಕಿತ್ತು, ಅದಕ್ಕಾಗಿ ನಿಮ್ಮನ್ನು ಅಲೆದಾಡಿಸುವ ಹಾಗಿಲ್ಲ.

ಈಗಲೂ ನೀವು ಹೋಗಿ ಕೇಳಬಹುದು. ಟೆಸ್ಟ್ ನಡೆಯುವಾಗ ಹಿರಿಯ ಸೈಕಾಲಜಿಸ್ಟ್ ನೋಡಿದರಾ, ಉತ್ತರದ ಹಾಳೆಯನ್ನು ಅವರು ಮತ್ತೆ ಲೆಕ್ಕ ಹಾಕಿದರಾ ಅಂತ ಕೇಳಿ. ರಿಪೋರ್ಟಿಗೆ ಸಹಿ ಹಾಕಿದವರು ಯಾರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯಾ ನೋಡಿ. ಎಲ್ಲರೂ ಅದನ್ನು ಆರ್‌ಸಿಐ ನಂಬರ್ ಅನ್ನುತ್ತಾರೆ, ಸಾಮಾನ್ಯವಾಗಿ ಸೀಲ್‌ನಲ್ಲೇ ಇರುತ್ತದೆ. ಸಹಿ ಹಾಕಿದವರೇ ಆ ರಿಪೋರ್ಟಿಗೆ ಹೊಣೆ, ಇಂಟರ್ನ್ ಅಲ್ಲ.

ಇನ್ನೊಂದು ಮಾತು. ಐಕ್ಯೂ ಸಂಖ್ಯೆಯೊಂದರ ಮೇಲೆಯೇ ಎಲ್ಲ ನಿಲ್ಲುವುದಿಲ್ಲ. ಮಗು ತಾನೇ ಊಟ ಮಾಡುತ್ತಾನಾ, ಬಟ್ಟೆ ಹಾಕಿಕೊಳ್ಳುತ್ತಾನಾ, ಅಂಗಡಿಗೆ ಹೋಗಿ ಸಾಮಾನು ತರುತ್ತಾನಾ, ಓಣಿಯ ಹುಡುಗರ ಜೊತೆ ಆಡುತ್ತಾನಾ ಅಂತ ನಿಮ್ಮನ್ನು ಕೂರಿಸಿ ಕೇಳಬೇಕು. ಅದಕ್ಕೆ ವೈನ್‌ಲ್ಯಾಂಡ್ ಅನ್ನುವ ಮಾಪನ ಇದೆ. ನಿಮ್ಮನ್ನು ಅದ್ಯಾವುದನ್ನೂ ಕೇಳದೆ ಐಕ್ಯೂ ಮಾತ್ರ ಬರೆದಿದ್ದರೆ ಇನ್ನೊಮ್ಮೆ ನೋಡಿ ಅಂತ ಕೇಳುವ ಹಕ್ಕು ನಿಮಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬಹಳಷ್ಟು ಸೌಲಭ್ಯಕ್ಕೆ ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಇರಬೇಕು ಅನ್ನುವ ಗೆರೆ ಇದೆ. ಆ ಗೆರೆಯ ಹತ್ತಿರ ಇರುವ ಮಗುವಿಗೆ ಟೆಸ್ಟ್‌ನಲ್ಲಿ ಆದ ಸಣ್ಣ ತಪ್ಪೂ ದೊಡ್ಡದೇ.

ಇಂಟರ್ನ್‌ಗಳು ಈ ಉತ್ತರ ಓದುತ್ತಿದ್ದರೆ ಅವರಿಗೂ ಒಂದು ವಿಷಯ. ನೀವು ದಿನಾ ಬಳಸುವ ಬಿನೆ-ಕಾಮತ್ ಬುದ್ಧಿಶಕ್ತಿ ಟೆಸ್ಟ್ ನಮ್ಮ ಭಾಗದ್ದೇ. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡಕ್ಕೂ ಮರಾಠಿಗೂ ಹೊಂದಿಸಿ, ಧಾರವಾಡದ ಕಡೆಯ ಮಕ್ಕಳ ಮೇಲೆ ಪ್ರಯೋಗ ಮಾಡಿ ಸಿದ್ಧಪಡಿಸಿದರು. ಹೆಮ್ಮೆ ಪಡಬೇಕಾದದ್ದೇ. ಆದರೆ ಅಂದಿನ ಮಕ್ಕಳಿಗೆ ಹೊಂದಿಸಿದ ಟೆಸ್ಟ್ ಅದು. ಮೊಬೈಲ್ ನೋಡಿ ಬೆಳೆದ ಇಂದಿನ ಮಗುವಿಗೆ ಅದನ್ನು ಹಾಕಿದಾಗ ಬಂದ ಸಂಖ್ಯೆಯನ್ನು ಯೋಚಿಸದೆ ಬರೆಯಬಾರದು. ಸೂಪರ್‌ವೈಸರ್ ಆದವರು ಇಂಟರ್ನ್‌ಗೆ "ಎಷ್ಟು ಬಂತು?" ಅಂತ ಮಾತ್ರ ಕೇಳಿ ಬಿಡದೆ "ಈ ಸಂಖ್ಯೆಯನ್ನು ನೀನು ಎಷ್ಟು ನಂಬುತ್ತೀಯ, ಯಾಕೆ?" ಅಂತಲೂ ಕೇಳಬೇಕು.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಇಂಟರ್ನ್. ಸರ್ ಎಲ್ಲರ ಮುಂದೆ "ನೀ ಬಹಳ ಮಾತಾಡ್ತಿ, ಪೇಷಂಟ್‌ಗೆ ಮಾತಾಡಾಕ ಬಿಡೂದಿಲ್ಲ" ಅಂದರು. ಆವತ್ತಿನಿಂದ ರೋಗಿಯ ಮುಂದೆ ಬಾಯಿ ಬರುತ್ತಿಲ್ಲ. ನನಗೆ ಈ ಕೆಲಸ ಆಗುವುದಿಲ್ಲವೇನೋ ಅನಿಸುತ್ತಿದೆ.

ಉತ್ತರ: ತಂಗಿ, ಅವರು ಹೇಳಿದ ಜಾಗ ತಪ್ಪು. ಹೇಳಿದ ವಿಷಯ ನಿಜವೂ ಇರಬಹುದು. ಎರಡನ್ನೂ ಬೇರೆ ಮಾಡಿ ನೋಡಿ. ಉಳಿದ ಇಂಟರ್ನ್‌ಗಳು, ಸಿಸ್ಟರ್‌ಗಳು ನಿಂತಿರುವಾಗ ಹೀಗೆ ಹೇಳಿದರೆ ಕೇಳಿದವರಿಗೆ ಅವಮಾನ ಮಾತ್ರ ನೆನಪಿರುತ್ತದೆ, ಪಾಠ ಉಳಿಯುವುದಿಲ್ಲ. ಸೂಪರ್‌ವೈಸರ್‌ಗಳು ಇದನ್ನು ದಯವಿಟ್ಟು ಗಮನಿಸಬೇಕು. ರೋಗಿಯನ್ನು ಅವಮಾನಿಸಬೇಡಿ ಅಂತ ಕಲಿಸುವ ನಾವು ಕಲಿಯುವವರನ್ನು ಅವಮಾನಿಸಿದರೆ ಅವರು ಕಲಿಯುವುದು ಅದನ್ನೇ.

ಈಗ ನೀವು ಮಾಡಬೇಕಾದದ್ದು: ಸರ್ ಹತ್ತಿರ ಒಬ್ಬರೇ ಹೋಗಿ, "ಸರ್, ಯಾವ ಪೇಷಂಟ್ ಜೊತೆ, ಯಾವ ಹೊತ್ತಿನಲ್ಲಿ ನಾನು ಮಧ್ಯೆ ಬಾಯಿ ಹಾಕಿದೆ ಅಂತ ಹೇಳಿದರೆ ತಿದ್ದಿಕೊಳ್ಳುತ್ತೇನೆ" ಅಂತ ಕೇಳಿ. ಅವರು ನಿಜವಾಗಿ ನೋಡಿ ಹೇಳಿದ್ದರೆ ಒಂದು ಉದಾಹರಣೆ ಸಿಗುತ್ತದೆ. ಸಿಗದಿದ್ದರೆ ಮುಂದಿನ ಕೇಸ್‌ಗೆ ಹತ್ತು ನಿಮಿಷ ಕೂತು ನೋಡಿ ಅಂತ ಕೇಳಿಕೊಳ್ಳಿ.

ಜೊತೆಗೆ ನೀವೇ ಪರೀಕ್ಷೆ ಮಾಡಿಕೊಳ್ಳಬಹುದು. ಗೆಳತಿಯೊಬ್ಬಳನ್ನು ರೋಗಿಯಾಗಿ ಕೂರಿಸಿ. ನಿದ್ದೆ ಬರುತ್ತಿಲ್ಲ, ಗಂಡನ ಜೊತೆ ಜಗಳ, ಇಂಥದ್ದೇನಾದರೂ ಒಂದು ಕಥೆ ಅವಳೇ ಮಾಡಿಕೊಳ್ಳಲಿ. ಹತ್ತು ನಿಮಿಷ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕೇಳಿ. ಅವಳ ಮಾತು ಮುಗಿಯುವ ಮೊದಲೇ ನೀವು ಎಲ್ಲಿ ಶುರು ಮಾಡಿದಿರಿ? ಅವಳು ಸುಮ್ಮನಾದಾಗ ಎಷ್ಟು ಹೊತ್ತು ತಡೆದಿರಿ? ಹೊಸಬರಿಗೆ ಮೂರು ಸೆಕೆಂಡ್ ಮೌನವೂ ಬಹಳ ಉದ್ದ ಅನಿಸುತ್ತದೆ, ಆ ಭಯಕ್ಕೇ ಮಾತು ತುಂಬಿಸುತ್ತಾರೆ. ಸೆಷನ್ ರೆಕಾರ್ಡ್ ಮಾಡಿ ಕೇಳಿ ಕಲಿಯುವುದನ್ನು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1940ರ ದಶಕದಲ್ಲೇ ರೂಢಿಗೆ ತಂದರು. ನಮ್ಮಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇದ್ದೂ ಇದನ್ನು ಬಳಸುವವರು ಕಡಿಮೆ. ಆದರೆ ನಿಜವಾದ ರೋಗಿಯ ಮಾತನ್ನು ನಿಮ್ಮ ಸ್ವಂತ ಮೊಬೈಲ್‌ನಲ್ಲಿ ಯಾವತ್ತೂ ರೆಕಾರ್ಡ್ ಮಾಡಬೇಡಿ. ಅದಕ್ಕೆ ರೋಗಿಯ ಲಿಖಿತ ಒಪ್ಪಿಗೆ, ಸೂಪರ್‌ವೈಸರ್ ಅನುಮತಿ, ಆಸ್ಪತ್ರೆಯ ಸಾಧನ ಎಲ್ಲ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೋಪ್ಯತೆಯನ್ನು ಹಕ್ಕು ಅಂತ ಹೇಳುತ್ತದೆ. ಸ್ನೇಹಿತರ ವಾಟ್ಸಾಪ್ ಗ್ರೂಪ್‌ನಲ್ಲಿ "ಇವತ್ತು ಒಂದು ಕೇಸ್ ಬಂದಿತ್ತು" ಅಂತ ಬರೆಯುವುದೂ ಅದೇ ತಪ್ಪು.

ಮಾತು ಜಾಸ್ತಿ ಆಗುವುದು ಸರಿಪಡಿಸಬಹುದಾದ ದೋಷಗಳಲ್ಲಿ ಬಹಳ ಸುಲಭದ್ದು. ಇದಕ್ಕಾಗಿ ಕೆಲಸ ಬಿಡುವ ಮಾತು ಬೇಡ.

ಪ್ರಶ್ನೆ: ಎಂ.ಎ. ಸೈಕಾಲಜಿ ಮುಗಿದಿದೆ. ಆನ್‌ಲೈನ್‌ನಲ್ಲಿ ಒಂದು ತಿಂಗಳ ಕ್ಲಿನಿಕಲ್ ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟ್ ಪಡೆದಿದ್ದೇನೆ. ಜಮಖಂಡಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಬಹುದೇ?

ಉತ್ತರ: ಇಲ್ಲ. ಆರ್‌ಸಿಐ ನೋಂದಣಿ ಇಲ್ಲದೆ ಆ ಬೋರ್ಡ್ ಹಾಕುವ ಹಾಗಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಅದನ್ನು ತಡೆಯುತ್ತದೆ. 2017ರ ಕಾಯ್ದೆ ಕೂಡ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು ಅಂತ ಹೇಳುವಾಗ ಆರ್‌ಸಿಐ ಒಪ್ಪಿದ ಅರ್ಹತೆಯನ್ನೋ, ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷ ಪೂರ್ಣಾವಧಿಯ ಎಂ.ಫಿಲ್. ಅನ್ನೋ ಕೇಳುತ್ತದೆ. ಆ ಎರಡು ವರ್ಷದಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿರಬೇಕು ಅನ್ನುವುದೂ ಅದರಲ್ಲೇ ಇದೆ. ಎಂ.ಫಿಲ್. ಪದವಿಯನ್ನೇ ಯುಜಿಸಿ ನಿಲ್ಲಿಸಿತು, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟಿತ್ತು. ಹಾಗಾಗಿ ಎಲ್ಲಿಯಾದರೂ ಫೀ ಕಟ್ಟುವ ಮೊದಲು ಆರ್‌ಸಿಐ ವೆಬ್‌ಸೈಟ್‌ನಲ್ಲಿ ಆ ಕೋರ್ಸ್ ಮತ್ತು ಆ ಸಂಸ್ಥೆ ಎರಡಕ್ಕೂ ಮಾನ್ಯತೆ ಇದೆಯಾ ನೋಡಿಕೊಳ್ಳಿ. ಒಬ್ಬ ರೋಗಿಯನ್ನೂ ನೋಡದೆ ಪಿಡಿಎಫ್ ಓದಿ ಪಡೆದ ಸರ್ಟಿಫಿಕೇಟ್‌ನಿಂದ ಏನೂ ಆಗುವುದಿಲ್ಲ. ನಿಮ್ಮ ದುಡ್ಡು ಹೋಯಿತು, ಇನ್ನು ಜಮಖಂಡಿಯ ಜನರ ದುಡ್ಡೂ ನಂಬಿಕೆಯೂ ಹೋಗುವುದು ಬೇಡ.

ಪ್ರಶ್ನೆ: ಗೋಕಾಕ ಕಡೆಯ ರೈತರೊಬ್ಬರು ವಾರ್ಡಿನಲ್ಲಿ ನನ್ನ ಜೊತೆ ಚೆನ್ನಾಗಿ ಮಾತಾಡುತ್ತಿದ್ದರು. ಒಂದು ದಿನ "ತಮ್ಮಾ, ನನಗ ಬದುಕೂದ ಬ್ಯಾಡ ಅನಿಸೇತಿ, ಯಾರಿಗೂ ಹೇಳಬ್ಯಾಡ" ಅಂದರು. ನಾನು ಹೆದರಿ ಮೇಡಂಗೆ ಹೇಳಿದೆ. ಈಗ ಅವರು ನನ್ನ ಮುಖ ನೋಡುತ್ತಿಲ್ಲ. ನಾನು ನಂಬಿಕೆ ಮುರಿದೆನಾ?

ಉತ್ತರ: ಇಲ್ಲಪ್ಪಾ. ನೀವು ಮಾಡಬೇಕಾದದ್ದನ್ನೇ ಮಾಡಿದಿರಿ. ಇಂಥ ಮಾತು ಕಿವಿಗೆ ಬಿದ್ದ ದಿನವೇ ಮೇಲಿನವರಿಗೆ ಹೇಳಬೇಕು, ಸಂಜೆಯವರೆಗೂ ಕಾಯಬಾರದು. ಚಿಕಿತ್ಸೆ ಕೊಡುವ ತಂಡಕ್ಕೆ ಹೇಳುವುದು ಗುಟ್ಟು ಬಯಲು ಮಾಡಿದಂತೆ ಅಲ್ಲ. ಮುರಿದಿರುವುದು ಏನಾದರೂ ಇದ್ದರೆ ಅದು ನಿಮ್ಮ ತರಬೇತಿಯಲ್ಲಿ. ಮೊದಲ ದಿನವೇ ನಿಮಗೆ ಹೇಳಿಕೊಡಬೇಕಿತ್ತು: ರೋಗಿಯ ಜೊತೆ ಮಾತು ಶುರು ಮಾಡುವಾಗಲೇ "ನೀವು ಹೇಳಿದ್ದು ನಮ್ಮ ತಂಡದಲ್ಲೇ ಇರುತ್ತದೆ, ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನಿಸಿದರೆ ಮಾತ್ರ ಬೇಕಾದವರಿಗೆ ಹೇಳುತ್ತೇನೆ" ಅಂತ ತಿಳಿಸಿಬಿಡಬೇಕು. ಆಮೇಲೆ ಇಂಥ ಇಕ್ಕಟ್ಟು ಬರುವುದಿಲ್ಲ.

ಈಗ ಮೇಡಂ ಜೊತೆ ಹೋಗಿ ಅವರ ಪಕ್ಕ ಕೂತುಕೊಳ್ಳಿ. "ಕಾಕಾ, ನೀವು ಉಳೀಬೇಕು ಅಂತ ಹೇಳಿದೆ. ಮೊದಲೇ ನಿಮಗೆ ತಿಳಿಸಿ ಹೇಳಬೇಕಿತ್ತು" ಅಂತ ನೇರವಾಗಿ ಹೇಳಿ. ಸಿಟ್ಟು ಇದ್ದರೆ ಇರಲಿ, ಆ ಸಿಟ್ಟಿನ ಬಗ್ಗೆಯೂ ಮಾತಾಡಲು ಬಿಡಿ.

ಸೂಪರ್‌ವೈಸರ್‌ಗಳಿಗೆ ಒಂದು ವಿನಂತಿ. ಈ ವಿಷಯವನ್ನು ರೋಲ್ ಪ್ಲೇ ಮಾಡಿಸದೆ ಯಾರನ್ನೂ ವಾರ್ಡಿಗೆ ಬಿಡಬೇಡಿ. "ಸಾಯಬೇಕು ಅಂತ ಅನಿಸುತ್ತಾ?" ಅಂತ ನೇರವಾಗಿ ಕೇಳಲು ಇಂಟರ್ನ್‌ಗಳಿಗೆ ನಾಲಿಗೆ ಹೊರಳುವುದಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಅನ್ನುವ ಭಯ. ಹಾಗೆ ಆಗುವುದಿಲ್ಲ, ಕೇಳಿದರೆ ಎಷ್ಟೋ ಜನಕ್ಕೆ ಹೇಳಿಕೊಂಡು ಹಗುರ ಆಗುತ್ತದೆ. ಎಷ್ಟು ದಿನದಿಂದ ಈ ಯೋಚನೆ, ಏನಾದರೂ ತಯಾರಿ ಮಾಡಿಕೊಂಡಿದ್ದಾರಾ, ಮನೆಯಲ್ಲಿ ಕೀಟನಾಶಕ ಎಲ್ಲಿ ಇಡುತ್ತಾರೆ, ಅದರ ಕೀಲಿಯನ್ನು ಮನೆಯವರ ಕೈಗೆ ಕೊಡಿಸಬಹುದಾ, ಇದನ್ನೆಲ್ಲ ಇಂಟರ್ನ್ ಎದುರಿಗೆ ಕೂತು ಕೇಳಿ ತೋರಿಸಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ ಅಂತ 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಪೊಲೀಸ್ ಕೇಸ್ ಆಗುತ್ತದೆ ಅಂತ ಬಾಯಿ ಬಿಡದ ಮನೆಯವರಿಗೆ ಇಂಟರ್ನ್ ಇದನ್ನು ತಿಳಿಸಿ ಹೇಳಲು ಬರಬೇಕು. ಡಿಸ್ಚಾರ್ಜ್ ದಿನ ಟೆಲಿಮಾನಸ್‌ನ 14416 ನಂಬರನ್ನು ರೋಗಿಗೂ ಮನೆಯವರಿಗೂ ಬರೆದು ಕೊಡಬೇಕು. 2022ರ ಅಕ್ಟೋಬರ್‌ನಿಂದ ಈ ಸಹಾಯವಾಣಿ ಇದೆ, ಉಚಿತ, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಮುಂದಿನ ಭೇಟಿ ಯಾವ ದಿನ, ಯಾವ ತಾಲೂಕು ಆಸ್ಪತ್ರೆ ಅನ್ನುವುದೂ ಚೀಟಿಯಲ್ಲಿ ಇರಬೇಕು.

ಮೌಲ್ಯಮಾಪನದಲ್ಲಿ ಇದಕ್ಕೆ 1ರಿಂದ 5 ಬೇಡ. ಬರುತ್ತದೆ ಅಥವಾ ಬರುವುದಿಲ್ಲ, ಎರಡೇ ಖಾನೆ. ಬರುವವರೆಗೂ ಒಬ್ಬರೇ ರೋಗಿಯನ್ನು ನೋಡುವ ಹಾಗಿಲ್ಲ.

ಮತ್ತೆ, ತಮ್ಮಾ, ನೀವು ಹೆದರಿದ್ದು ಸಹಜ. ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಅದನ್ನೂ ನಿಮ್ಮ ಮೇಡಂ ಹತ್ತಿರ ಹೇಳಿಕೊಳ್ಳಿ, ಸೂಪರ್‌ವಿಷನ್ ಇರುವುದು ಅದಕ್ಕೂ ಹೌದು.

ಪ್ರಶ್ನೆ: ನಮ್ಮ ವಿಭಾಗದಲ್ಲಿ ದೀರ್ಘ ಅವಧಿಯ ತರಬೇತಿಯಲ್ಲಿರುವ ಒಬ್ಬ ಹುಡುಗ ಇದ್ದಾನೆ. ರೋಗಿಗಳಿಗೆ ಉಪದೇಶ ಮಾಡುತ್ತಾನೆ, ಮಾಡದ ಟೆಸ್ಟ್‌ಗಳನ್ನು ಮಾಡಿದಂತೆ ಲಾಗ್‌ಬುಕ್‌ನಲ್ಲಿ ಬರೆದಿದ್ದಾನೆ. ಬಡ ಮನೆಯವನು, ಅಪ್ಪ ಸಾಲ ಮಾಡಿ ಓದಿಸುತ್ತಿದ್ದಾರೆ. ಫೇಲ್ ಮಾಡಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ? (ಬಾಗಲಕೋಟೆಯ ಸೂಪರ್‌ವೈಸರ್)

ಉತ್ತರ: ನೀವು ಬರೆದಿರುವ ಎರಡು ತಪ್ಪು ಒಂದೇ ತೂಕದವಲ್ಲ. ಉಪದೇಶ ಮಾಡುವುದು ಕಲಿಕೆಯ ಕೊರತೆ. "ಹಿಂಗ ಕೂತ್ರ ಹೆಂಗ, ಗಟ್ಟಿ ಆಗಬೇಕು" ಅನ್ನುವುದು ನಮ್ಮ ಮನೆ ಮನೆಯಲ್ಲೂ ಹೇಳುವ ಮಾತು, ಅದನ್ನು ಬಿಟ್ಟು ಕೇಳಿಸಿಕೊಳ್ಳುವುದು ಕಲಿಯಲು ಕೆಲವರಿಗೆ ತಿಂಗಳುಗಳೇ ಬೇಕು. ಮಾಡದ ಟೆಸ್ಟ್ ಬರೆಯುವುದು ಸುಳ್ಳು. ಆ ಸುಳ್ಳು ನಾಳೆ ಯಾರದೋ ಮಗುವಿನ ಸರ್ಟಿಫಿಕೇಟ್ ಆಗುತ್ತದೆ. ಮೊದಲನೆಯದಕ್ಕೆ ತರಬೇತಿ, ಎರಡನೆಯದಕ್ಕೆ ವಿಚಾರಣೆ.

ನಾಳೆಯೇ ಅವನನ್ನು ಕೂರಿಸಿ ಮಾತಾಡಿ. ಯಾವ ದಿನ, ಯಾವ ಕೇಸ್ ನಂಬರ್, ಏನು ಕಂಡಿರಿ ಅಂತ ಹೇಳಿ, ಅವನ ಮಾತನ್ನೂ ಪೂರ್ತಿ ಕೇಳಿ. ಕೆಲವು ಸಲ ಇಷ್ಟು ಟೆಸ್ಟ್ ಮಾಡಿರಲೇಬೇಕು ಅನ್ನುವ ಲೆಕ್ಕ ಮುಟ್ಟಿಸಲು ಹುಡುಗರು ಹೀಗೆ ಮಾಡುತ್ತಾರೆ, ಅಷ್ಟು ಮಕ್ಕಳು ಒಪಿಡಿಗೆ ಬಂದಿರುವುದೇ ಇಲ್ಲ. ಹಾಗಿದ್ದರೆ ವಿಭಾಗವೂ ತನ್ನ ಕಡೆ ನೋಡಿಕೊಳ್ಳಬೇಕು. ಅದರಿಂದ ಸುಳ್ಳು ಸರಿ ಆಗುವುದಿಲ್ಲ. ಆ ದಾಖಲೆಗಳಲ್ಲಿ ಯಾವುದಾದರೂ ನಿಜವಾದ ರೋಗಿಯ ಫೈಲಿಗೆ ಹೋಗಿದ್ದರೆ ಮೊದಲು ಆ ರೋಗಿಯನ್ನು ಕರೆಸಿ ಮತ್ತೆ ಟೆಸ್ಟ್ ಮಾಡಿ. ವಿಭಾಗದ ಮುಖ್ಯಸ್ಥರಿಗೆ ಬರಹದಲ್ಲಿ ತಿಳಿಸಿ.

ನಂತರ ಎರಡು ಮೂರು ತಿಂಗಳ ಯೋಜನೆ ಬರೆದು ಅವನಿಗೆ ಕೊಡಿ. ಏನು ಬದಲಾಗಬೇಕು, ಅದು ಬದಲಾಗಿದೆ ಅಂತ ಹೇಗೆ ನೋಡುತ್ತೀರಿ, ಯಾರು ಕೂತು ನೋಡುತ್ತಾರೆ, ಯಾವ ತಾರೀಖಿಗೆ ತೀರ್ಮಾನ, ಆಗದಿದ್ದರೆ ಏನು, ಎಲ್ಲ ಅದರಲ್ಲಿ ಇರಲಿ, ಇಬ್ಬರ ಸಹಿಯೂ ಇರಲಿ. ಅಲ್ಲಿಯವರೆಗೆ ಅವನು ಮಾಡುವ ಪ್ರತಿ ಟೆಸ್ಟ್‌ಗೂ ಒಬ್ಬರು ಪಕ್ಕದಲ್ಲಿ ಇರಬೇಕು. ತೀರ್ಮಾನ ನಿಮ್ಮೊಬ್ಬರ ಕೈಯಲ್ಲಿ ಬೇಡ. ಅವನ ಜೊತೆ ಜಗಳವೂ ಇಲ್ಲದ, ಸಲಿಗೆಯೂ ಇಲ್ಲದ ಇನ್ನೊಬ್ಬ ಸೂಪರ್‌ವೈಸರ್ ಕೂಡ ಅವನ ಕೆಲಸ ನೋಡಿ ಬರೆಯಲಿ. ತೀರ್ಮಾನ ಒಪ್ಪಿಗೆ ಆಗದಿದ್ದರೆ ಯಾರಿಗೆ ದೂರು ಕೊಡಬಹುದು ಅನ್ನುವುದನ್ನೂ ಅವನಿಗೆ ಹೇಳಿ.

ಅಪ್ಪನ ಸಾಲದ ಮಾತು ನನಗೂ ಸಂಕಟ ತರುತ್ತದೆ. ಆದರೆ ಹುನಗುಂದದಿಂದಲೋ ಬಾದಾಮಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಮಗನನ್ನು ಕರೆದುಕೊಂಡು ಬರುವ ಅಪ್ಪಂದಿರೂ ಇದ್ದಾರೆ, ಅವರಿಗೆ ಎರಡನೆಯ ಆಸ್ಪತ್ರೆಗೆ ಹೋಗಲು ದುಡ್ಡಿರುವುದಿಲ್ಲ. ನೀವು ಈಗ ಹೇಳಿದರೆ ಹುಡುಗನಿಗೆ ತಿದ್ದಿಕೊಳ್ಳಲು ಟೈಮ್ ಇದೆ. ಕೊನೆಯ ವಾರದವರೆಗೂ ಸುಮ್ನಿದ್ದು ಆಮೇಲೆ ಫೇಲ್ ಮಾಡಿದರೆ ಅದೇ ದೊಡ್ಡ ಅನ್ಯಾಯ. ಯೋಜನೆಯ ಕೊನೆಗೆ ಅವನು ಬದಲಾಗಿದ್ದರೆ ಸಂತೋಷದಿಂದ ಪಾಸ್ ಮಾಡಿ. ಬದಲಾಗದಿದ್ದರೆ ಅವಧಿ ಮುಂದುವರಿಸಿ. ಆಮೇಲೂ ಸುಳ್ಳು ದಾಖಲೆ ಸಿಕ್ಕರೆ ಸಹಿ ಹಾಕಬೇಡಿ. ಲಾಗ್‌ಬುಕ್‌ನ ಆ ಪುಟಗಳ ಪ್ರತಿಯನ್ನು ಇವತ್ತೇ ತೆಗೆದಿಟ್ಟುಕೊಳ್ಳಿ, ಮುಖ್ಯಸ್ಥರು ಮೊದಲು ಕೇಳುವುದು ಅದನ್ನೇ.